ಗಣಕಯಂತ್ರದ ಆಯಸ್ಸು ಯಾರ ಕೈಯಲ್ಲಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ಮರುದಿನ ಯಾವ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಪರದೆ, ಕೀಲಿಮಣೆ, ಪ್ರೊಸೆಸರ್ ಎಲ್ಲ ಹಿಂದಿನ ದಿನ ಹೇಗಿದ್ದವೋ ಹಾಗೆಯೇ ಇದ್ದವು. ಬದಲಾದದ್ದು ಇಷ್ಟೆ: ಅಲ್ಲಿಂದಾಚೆ ಪತ್ತೆಯಾಗುವ ಭದ್ರತಾ ಲೋಪಗಳನ್ನು ಕಂಪನಿ ತಾನಾಗಿ ಸರಿಪಡಿಸುವುದಿಲ್ಲ. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ವಿಸ್ತರಣೆಯನ್ನು ಅದು ಘೋಷಿಸಿತು, ನಿಜ. ಆದರೆ ಅದು ಗಡುವನ್ನು ಮುಂದೂಡಿತೇ ಹೊರತು ತೆಗೆದುಹಾಕಲಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಅಂದರೆ 2016ರಲ್ಲಿ ಒಳ್ಳೆಯ ಬೆಲೆ ಕೊಟ್ಟು ತಂದ, ಇಂದಿಗೂ ಚೆನ್ನಾಗಿ ನಡೆಯುವ ಲ್ಯಾಪ್‌ಟಾಪ್ ಕೂಡ ಅನರ್ಹ. ಇಂಥ ಕಾರಣದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಮರುಬಳಕೆಯ ಬೆಲೆ ಕಳೆದುಕೊಂಡು ಕಸದ ರಾಶಿ ಸೇರಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು.

ಈ ಸಂಗತಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ವಿಂಡೋಸ್ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಯಾವ ಕಂಪನಿಗಾದರೂ ತನ್ನ ಹಳೆಯ ಸರಕಿನ ಸೇವೆಯನ್ನು ಒಂದು ದಿನ ನಿಲ್ಲಿಸುವ ಅಧಿಕಾರ ಇದ್ದೇ ಇದೆ. ಹತ್ತು ವರ್ಷ ಸೇವೆ ಕೊಟ್ಟದ್ದು ಕಡಿಮೆಯೇನೂ ಅಲ್ಲ. ಕೇಳಬೇಕಾದದ್ದು ಬೇರೆ. ನಾನು ಹಣ ಕೊಟ್ಟು ಕೊಂಡ ಯಂತ್ರ ಎಷ್ಟು ದಿನ ಬಾಳಬೇಕೆಂದು ತೀರ್ಮಾನಿಸುವವರು ಯಾರು? ಕಬ್ಬಿಣ, ಸಿಲಿಕಾನ್ ಗಟ್ಟಿಯಾಗಿರುವಾಗಲೇ ಯಾವುದೋ ಊರಿನ ಕಚೇರಿಯ ವೇಳಾಪಟ್ಟಿ ಅದರ ಆಯಸ್ಸನ್ನು ಮುಗಿಸಬಹುದಾದರೆ, ನಾವು ಕೊಂಡದ್ದು ಯಂತ್ರವನ್ನೋ ಅಥವಾ ಅದರ ಕೆಲವು ವರ್ಷಗಳ ಬಳಕೆಯನ್ನೋ? ಮುಕ್ತ ತಂತ್ರಾಂಶದ ಕಾರ್ಯಾಚರಣಾ ವ್ಯವಸ್ಥೆಗಳು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದನ್ನು ಕೊಟ್ಟಿವೆ. ಆ ತೀರ್ಮಾನ ಯಂತ್ರದ ಒಡೆಯನಿಗೆ ಸೇರಬೇಕು ಎಂಬುದೇ ಆ ಉತ್ತರ. ಅವು ಪುಕ್ಕಟೆಯಾಗಿ ಸಿಗುವುದು ದೊಡ್ಡ ಅನುಕೂಲವೇ, ಆದರೆ ಈ ಹಕ್ಕಿನ ಮುಂದೆ ಅದು ಸಣ್ಣದು. ಈ ಹಕ್ಕು ಹೇಗೆ ಸಿಗುತ್ತದೆ, ಅದನ್ನು ಬಳಸಲು ಏನು ಮಾಡಬೇಕು, ಅದಕ್ಕೆ ತೆರಬೇಕಾದ ಬೆಲೆ ಯಾವುದು ಎಂಬುದನ್ನು ಒಂದೊಂದಾಗಿ ನೋಡೋಣ.

ಕಾರ್ಯಾಚರಣಾ ವ್ಯವಸ್ಥೆ ಎಂದರೆ ಯಂತ್ರದ ಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ತಂತ್ರಾಂಶ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಮೆಮೊರಿಯಲ್ಲಿ ಯಾವ ತಂತ್ರಾಂಶಕ್ಕೆ ಎಷ್ಟು ಜಾಗ, ಪ್ರೊಸೆಸರ್ ಮೇಲೆ ಈ ಕ್ಷಣ ಯಾರ ಸರದಿ, ಡಿಸ್ಕಿನ ಯಾವ ಮೂಲೆಯಲ್ಲಿ ಯಾವ ಕಡತ, ಪ್ರಿಂಟರಿಗೆ ಹೇಗೆ ಹೇಳಬೇಕು, ವೈಫೈ ಚಿಪ್ಪನ್ನು ಹೇಗೆ ಎಬ್ಬಿಸಬೇಕು, ಇವೆಲ್ಲ ಕರ್ನಲ್ಲಿನ ಹೊಣೆ. ಅದರ ಮೇಲೆ ಸಣ್ಣಪುಟ್ಟ ಕೆಲಸಗಳ ಸಲಕರಣೆಗಳು, ಅವುಗಳ ಮೇಲೆ ಕಿಟಕಿ, ಮೆನು, ಐಕಾನ್‌ಗಳಿರುವ ಡೆಸ್ಕ್‌ಟಾಪ್, ಎಲ್ಲಕ್ಕಿಂತ ಮೇಲೆ ಬ್ರೌಸರ್, ಬರವಣಿಗೆಯ ತಂತ್ರಾಂಶ, ವಿಡಿಯೊ ಪ್ಲೇಯರ್ ಇತ್ಯಾದಿ. ವಿಂಡೋಸ್‌ನಲ್ಲಿ ಈ ಪದರಗಳೆಲ್ಲ ಒಂದೇ ಕಂಪನಿಯಿಂದ ಬೆಸೆದುಕೊಂಡೇ ಬರುವುದರಿಂದ ಇವು ಬೇರೆ ಬೇರೆ ಎಂಬ ಅರಿವೇ ನಮಗಾಗುವುದಿಲ್ಲ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಲೋಕದಲ್ಲಿ ಒಂದೊಂದು ಪದರವನ್ನೂ ಬೇರೆ ಬೇರೆ ತಂಡಗಳು ಕಟ್ಟುತ್ತವೆ. ಹಾಗಾಗಿ ಒಂದು ಪದರ ಭಾರವಾಯಿತೆನಿಸಿದರೆ ಅದೊಂದನ್ನೇ ಬದಲಿಸಬಹುದು. ಹಳೆಯ ಯಂತ್ರದಲ್ಲಿ ಹೊಸ ಕರ್ನಲ್ ಮೇಲೆ ಹಗುರವಾದ ಡೆಸ್ಕ್‌ಟಾಪ್ ಕೂರಿಸಲು ಸಾಧ್ಯವಾಗುವುದು ಈ ಬಿಡಿಬಿಡಿ ರಚನೆಯಿಂದಲೇ.

ಈ ರಚನೆಯ ಹಿಂದೆ ಒಂದು ಕಾನೂನಿನ ಉಪಾಯವಿದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಪೂರ್ಣ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1989ರಲ್ಲಿ ಅದಕ್ಕೆ ಜಿಪಿಎಲ್ ಎಂಬ ಪರವಾನಗಿ ರೂಪುಗೊಂಡಿತು. ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದು, ಹಾಗೆ ಹಂಚುವಾಗ ತಿದ್ದಿದ ಆಕರ ಸಂಕೇತವನ್ನೂ ಅದೇ ಹಕ್ಕುಗಳೊಡನೆ ಮುಂದಿನವರಿಗೆ ಕೊಡಲೇಬೇಕು ಎಂಬುದು ಅದರ ಸಾರ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗಾಗಿ ಲಿನಕ್ಸ್ ಎಂಬ ಕರ್ನಲ್ ಒಂದನ್ನು ಬರೆದು ಮರುವರ್ಷ ಅದನ್ನು ಇದೇ ಪರವಾನಗಿಯಡಿ ತಂದಾಗ, ಗ್ನೂ ಸಲಕರಣೆಗಳಿಗೆ ಬೇಕಿದ್ದ ತಿರುಳು ಸಿಕ್ಕಿತು. ಆಮೇಲಿನದು ಚರಿತ್ರೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಲಿನಕ್ಸ್ ಕರ್ನಲ್. ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಲಿನಕ್ಸ್ ತಮಗೆ ಹೊಸದು ಎಂದುಕೊಂಡವರಲ್ಲಿ ಹೆಚ್ಚಿನವರ ಜೇಬಿನಲ್ಲೇ ಅದು ಇದೆ.

ಈ ಪರವಾನಗಿಗೂ ಯಂತ್ರದ ಆಯಸ್ಸಿಗೂ ಏನು ಸಂಬಂಧ ಎಂದರೆ, ಆಕರ ಸಂಕೇತ ಎಲ್ಲರ ಕೈಯಲ್ಲಿ ಇರುವಾಗ ಬೆಂಬಲ ನಿಲ್ಲಿಸುವ ಏಕಸ್ವಾಮ್ಯ ಯಾರಿಗೂ ಇರುವುದಿಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು. ಲಿನಕ್ಸ್ ಹುಟ್ಟಿದ್ದೇ 386 ಪ್ರೊಸೆಸರಿನ ಮೇಲೆ. ಇಂಟೆಲ್ 1985ರಲ್ಲಿ ತಂದ ಆ ಚಿಪ್ಪಿನ ಬೆಂಬಲವನ್ನು ಕರ್ನಲ್ಲಿನಿಂದ ಕೈಬಿಟ್ಟದ್ದು 2012ರ ಡಿಸೆಂಬರಿನಲ್ಲಿ, ಇಪ್ಪತ್ತೇಳು ವರ್ಷಗಳ ಮೇಲೆ. ಇಲ್ಲೂ ಹಳೆಯದನ್ನು ಬಿಡುತ್ತಾರಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ವ್ಯವಸ್ಥೆ ಕೂಡ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಸ್ಥಾಪಿಸುವ ಆವೃತ್ತಿಯನ್ನು ಕೊಡುವುದನ್ನು ನಿಲ್ಲಿಸಿತು. ಯಾವ ತಂಡಕ್ಕೂ ಅನಂತ ಶ್ರಮ ಇರುವುದಿಲ್ಲ. ಆದರೆ ಆ ನಿರ್ಧಾರ ನಡೆಯುವುದು ಬಯಲಿನಲ್ಲಿ, ಬಳಸುವವರು ತೀರ ಕಡಿಮೆಯಾದ ಮೇಲೆ. ಒಪ್ಪದವರಿಗೆ ಸಂಕೇತವನ್ನು ತೆಗೆದುಕೊಂಡು ಮುಂದುವರಿಸುವ ಹಕ್ಕು ಉಳಿದೇ ಇರುತ್ತದೆ. ಇದಕ್ಕೆ ಹೋಲಿಸಿದರೆ ಎಂಟೊಂಬತ್ತು ವರ್ಷದ 64 ಬಿಟ್ ಲ್ಯಾಪ್‌ಟಾಪ್ ಲಿನಕ್ಸ್ ಲೆಕ್ಕದಲ್ಲಿ ಇನ್ನೂ ಹರೆಯದ್ದು.

ಹೀಗೆ ಬೇರೆ ಬೇರೆ ಪದರಗಳನ್ನು ಜೋಡಿಸಿ, ಪರೀಕ್ಷಿಸಿ, ಸ್ಥಾಪಿಸಲು ಸಿದ್ಧ ಮಾಡಿ ಕೊಡುವ ಕಟ್ಟಿಗೆ ಡಿಸ್ಟ್ರೊ ಎನ್ನುತ್ತಾರೆ. 1993ರಿಂದ ಸ್ವಯಂಸೇವಕರೇ ನಡೆಸುತ್ತಿರುವ ಡೆಬಿಯನ್, ಅದರ ಮೇಲೆ 2004ರಿಂದ ಕೆನೋನಿಕಲ್ ಕಂಪನಿ ಕಟ್ಟುತ್ತಿರುವ ಉಬುಂಟು, ಉಬುಂಟು ಮೇಲೆ 2006ರಿಂದ ಬೆಳೆದ ಲಿನಕ್ಸ್ ಮಿಂಟ್, ರೆಡ್ ಹ್ಯಾಟ್ ಪೋಷಿಸುವ ಫೆಡೊರಾ, ನಮ್ಮ ಸಿ-ಡ್ಯಾಕ್ ಡೆಬಿಯನ್ ಆಧರಿಸಿ ಹೊರತಂದ ಬಾಸ್, ಹೀಗೆ ಹೆಸರುಗಳು ನೂರಾರು. ಹೊಸಬರು ಮೊದಲು ಎಡವುವುದೇ ಈ ಆಯ್ಕೆಯ ಗೊಂದಲದಲ್ಲಿ. ಆಯ್ಕೆಗೆ ಎರಡೇ ಮಾನದಂಡ ಸಾಕು: ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ, ತೊಂದರೆಯಾದಾಗ ಕೇಳಲು ಎಷ್ಟು ಜನ ಇದ್ದಾರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಬಂದು ಐದು ವರ್ಷ ಪರಿಷ್ಕರಣೆ ಪಡೆಯುತ್ತವೆ. ಅವುಗಳನ್ನೇ ಆಧರಿಸುವ ಮಿಂಟ್ ವಿಂಡೋಸ್ ಬಳಸಿ ರೂಢಿಯಾದ ಕಣ್ಣಿಗೆ ಪರಿಚಿತ ಎನಿಸುವಂತಿದ್ದು, 2 ಜಿಬಿ ಮೆಮೊರಿಯಲ್ಲೂ ನಡೆಯುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಮೊದಲ ಸಲದವರಿಗೆ ಇವೆರಡರಲ್ಲಿ ಒಂದು ಸಾಕು. ಉಳಿದವುಗಳ ಗುಣಾವಗುಣದ ಚರ್ಚೆ ಆಮೇಲೆ ನಿಧಾನವಾಗಿ ಆಗಲಿ.

ಸ್ಥಾಪನೆಯ ಕೆಲಸ ಕಂಪ್ಯೂಟರ್ ಮುಂದೆ ಕೂರುವ ಮೊದಲೇ, ಕಾಗದದ ಮೇಲೆ ಶುರುವಾಗಬೇಕು. ಈ ಯಂತ್ರದಲ್ಲಿ ದಿನವೂ ಬಳಸುವ ತಂತ್ರಾಂಶಗಳು ಯಾವುವು, ಅವುಗಳಲ್ಲಿ ಬ್ರೌಸರಿನಲ್ಲೇ ಆಗುವಂಥವು ಎಷ್ಟು, ಲಿನಕ್ಸ್‌ನಲ್ಲಿ ಇರುವಂಥವು ಎಷ್ಟು, ಬದಲಿ ಹುಡುಕಬೇಕಾದವು ಯಾವುವು ಎಂದು ಪಟ್ಟಿ ಮಾಡಬೇಕು. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ ಎರಡೂ ಕಡೆ ಇವೆ. ವರ್ಡ್, ಎಕ್ಸೆಲ್ ಕೆಲಸಕ್ಕೆ ಲಿಬ್ರೆ ಆಫೀಸ್ ಇದೆ. ಬದಲಾವಣೆ ಸುಗಮವಾಗಬೇಕೆಂದರೆ ವಿಂಡೋಸ್‌ನಲ್ಲಿ ಇರುವಾಗಲೇ ಒಂದೆರಡು ತಿಂಗಳು ಈ ತಂತ್ರಾಂಶಗಳನ್ನು ಬಳಸಿ ಕೈ ಪಳಗಿಸಿಕೊಳ್ಳುವುದು ಜಾಣತನ. ಇದರ ಜೊತೆಗೆ ಫೋಟೊ, ದಾಖಲೆ, ಪಾಸ್‌ವರ್ಡ್‌ಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಲೇಬಾರದು. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದಾಗಿದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಬೂಟ್ ವ್ಯವಸ್ಥೆಯನ್ನು ಮುಟ್ಟಿದ ಮೇಲೆ ವಿಂಡೋಸ್ ಆ ಕೀ ಕೇಳಿದಾಗ ನಿಮ್ಮದೇ ದತ್ತಾಂಶ ನಿಮಗೇ ಸಿಗದೆ ಹೋಗಬಹುದು.

ಮುಂದಿನದು ಡಿಸ್ಟ್ರೊವನ್ನು ಸ್ಥಾಪಿಸಲು ಬೇಕಾದ ಐಎಸ್‌ಒ ಕಡತವನ್ನು ಇಳಿಸಿಕೊಳ್ಳುವುದು. ಅದನ್ನು ಡಿಸ್ಟ್ರೊದ ಅಧಿಕೃತ ತಾಣದಿಂದಲೇ ಪಡೆಯಬೇಕು, ಪಡೆದ ಮೇಲೆ ಪರಿಶೀಲಿಸಬೇಕು. ಕಡತದ ಜೊತೆಗೆ ಪ್ರಕಟಿಸುವ ಎಸ್‌ಎಚ್‌ಎ-256 ಮೊತ್ತಕ್ಕೂ ನಿಮ್ಮ ಯಂತ್ರ ಲೆಕ್ಕ ಹಾಕಿ ತೋರಿಸುವ ಮೊತ್ತಕ್ಕೂ ಒಂದಕ್ಷರದ ವ್ಯತ್ಯಾಸವೂ ಇರಬಾರದು. ಇದು ಅತಿ ಎಚ್ಚರಿಕೆ ಎನಿಸುವವರು 2016ರ ಫೆಬ್ರವರಿಯ ಘಟನೆಯನ್ನು ನೆನೆಯಬೇಕು. ಆಗ ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿದವರು, ಇಳಿಕೆಯ ಕೊಂಡಿಯನ್ನು ಬದಲಿಸಿ ಹಿಂಬಾಗಿಲು ಇಟ್ಟ ಐಎಸ್‌ಒ ಕಡತವನ್ನು ಜನರ ಕೈಗೆ ದಾಟಿಸಿದ್ದರು. ತಾಣವೇ ಕಳ್ಳರ ವಶವಾದರೆ ಅಲ್ಲಿರುವ ಮೊತ್ತವನ್ನೂ ಬದಲಿಸಬಹುದಲ್ಲವೇ? ಬದಲಿಸಬಹುದು. ಅದಕ್ಕೇ ಆ ಮೊತ್ತದ ಪಟ್ಟಿಗೆ ತಂಡದ ಡಿಜಿಟಲ್ ಸಹಿ ಇರುತ್ತದೆ, ಅದನ್ನು ತಾಳೆ ನೋಡುವ ವಿಧಾನವನ್ನೂ ಡಿಸ್ಟ್ರೊಗಳು ವಿವರಿಸಿರುತ್ತವೆ. ಪರಿಶೀಲಿಸಿದ ಕಡತವನ್ನು ರುಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶದ ಮೂಲಕ 8 ಜಿಬಿಯ ಪೆನ್ ಡ್ರೈವ್‌ಗೆ ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ಅದರಿಂದ ಕಂಪ್ಯೂಟರ್ ಶುರುವಾಗದು. ಹೀಗೆ ಬರೆಯುವಾಗ ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಕಂಪ್ಯೂಟರನ್ನು ಆರಿಸಿ, ಮತ್ತೆ ಹೊತ್ತಿಸುವಾಗ ಎಫ್12, ಎಫ್2, ಎಫ್10 ಅಥವಾ ಎಸ್ಕೇಪ್ ಕೀ ಒತ್ತಿದರೆ ಎಲ್ಲಿಂದ ಶುರುವಾಗಬೇಕೆಂಬ ಪಟ್ಟಿ ಬರುತ್ತದೆ. ಯಾವ ಕೀ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಅಲ್ಲಿ ಪೆನ್ ಡ್ರೈವ್ ಆಯ್ದುಕೊಂಡರೆ ಲಿನಕ್ಸ್ ನೇರವಾಗಿ ಅದರಿಂದಲೇ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಬಳಕೆ ಎಂದು ಹೆಸರು. ಸ್ಥಾಪಿಸುವ ಗುಂಡಿಯನ್ನು ನೀವು ಒತ್ತುವವರೆಗೆ ಒಳಗಿನ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಕೊಳ್ಳುವ ಮೊದಲು, ಸ್ಥಾಪಿಸುವ ಮೊದಲು ಹೀಗೆ ಪರೀಕ್ಷಿಸಿ ನೋಡುವ ಅವಕಾಶ ಬೇರೆ ಕಡೆ ಅಪರೂಪ, ಅದನ್ನು ಪೂರ್ತಿ ಬಳಸಿಕೊಳ್ಳಬೇಕು. ವೈಫೈ ಸಿಗುತ್ತದೆಯೇ, ಸದ್ದು ಕೇಳುತ್ತದೆಯೇ, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್ ಕೆಲಸ ಮಾಡುತ್ತವೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ಒಂದೊಂದಾಗಿ ನೋಡಬೇಕು. ತೊಂದರೆ ಕಾಣಿಸುವುದು ಹೆಚ್ಚಾಗಿ ಕೆಲವು ವೈಫೈ ಚಿಪ್ ಮತ್ತು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಲ್ಲಿ. ತಯಾರಕರು ಚಾಲಕ ತಂತ್ರಾಂಶವನ್ನು ಮುಚ್ಚಿಟ್ಟುಕೊಂಡಿರುವುದೇ ಇದಕ್ಕೆ ಬಹುಮಟ್ಟಿನ ಕಾರಣ. ಉಬುಂಟು, ಮಿಂಟ್‌ಗಳಲ್ಲಿ ಅಂಥ ಚಾಲಕಗಳನ್ನು ಹುಡುಕಿ ಹಾಕಿಕೊಡುವ ಸಲಕರಣೆ ಇದೆ.

ಪರೀಕ್ಷೆ ಪಾಸಾದ ಮೇಲೆ ಸ್ಥಾಪನೆ ಅರ್ಧ ಗಂಟೆಯ ಆಸುಪಾಸಿನ ಕೆಲಸ. ಭಾಷೆ, ಕೀಲಿಮಣೆ, ಸಮಯವಲಯ, ಹೆಸರು, ಪಾಸ್‌ವರ್ಡ್ ಕೇಳುತ್ತದೆ. ನಿಜವಾದ ನಿರ್ಧಾರ ಬೇಕಾಗುವುದು ಡಿಸ್ಕಿನ ಪ್ರಶ್ನೆ ಬಂದಾಗ ಮಾತ್ರ. ಇಡೀ ಡಿಸ್ಕನ್ನು ಅಳಿಸಿ ಲಿನಕ್ಸ್ ಒಂದನ್ನೇ ಇಡಬಹುದು, ಅಥವಾ ವಿಂಡೋಸ್ ಪಕ್ಕದಲ್ಲೇ ಜಾಗ ಮಾಡಿ ಎರಡನ್ನೂ ಇಟ್ಟುಕೊಳ್ಳಬಹುದು. ಎರಡನೆಯದನ್ನು ಆರಿಸುವವರು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಅದರ ವಿಭಾಗವನ್ನು ಕುಗ್ಗಿಸಿ ಕನಿಷ್ಠ 50 ಜಿಬಿ ಖಾಲಿ ಬಿಡಲಿ. ಅಲ್ಲಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ಆಫ್ ಮಾಡಿಡಲಿ. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಆ ವಿಭಾಗಕ್ಕೆ ಬರೆಯಲು ಲಿನಕ್ಸ್‌ಗೆ ಆಗುವುದಿಲ್ಲ. ಸಹಿಯಿಲ್ಲದ ವ್ಯವಸ್ಥೆ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಬಗ್ಗೆ ಹೆಚ್ಚು ಹೆದರಬೇಕಿಲ್ಲ, ಉಬುಂಟು, ಡೆಬಿಯನ್, ಫೆಡೊರಾಗಳ ಬೂಟ್ ತಂತ್ರಾಂಶಕ್ಕೆ ಅಗತ್ಯವಾದ ಸಹಿ ಇರುತ್ತದೆ. ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಸಂದರ್ಭದಲ್ಲಿ ಅದರ ಬದಲು ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದು. ಹಳೆಯ ಕಂಪ್ಯೂಟರಿಗೆ ಮಾಡಬಹುದಾದ ಖರ್ಚಿನಲ್ಲಿ ಇದರಷ್ಟು ಫಲ ಕೊಡುವುದು ಮತ್ತೊಂದಿಲ್ಲ.

ಕನ್ನಡಿಗರಿಗೆ ಇಷ್ಟೇ ಮುಖ್ಯವಾದ ಇನ್ನೊಂದು ಪರೀಕ್ಷೆ ಇದೆ: ಕನ್ನಡ ಹೇಗೆ ಕಾಣುತ್ತದೆ, ಹೇಗೆ ಬರೆಯಬಹುದು? ಕೆ. ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ಒಗ್ಗಿರುವ ಕಗಪ ಕೀಲಿಮಣೆ ಲಿನಕ್ಸ್‌ನ ವಿನ್ಯಾಸಗಳ ಪಟ್ಟಿಯಲ್ಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಸೇರಿಸಿಕೊಂಡರೆ ಸಾಕು, ಬೇರೆ ತಂತ್ರಾಂಶ ಬೇಕಿಲ್ಲ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಲೋಹಿತ್, ನೋಟೊ ಜೊತೆಗೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳೂ ಡೆಬಿಯನ್ ಕಣಜದಲ್ಲಿವೆ. ಒತ್ತಕ್ಷರ, ಕಾಗುಣಿತಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳೆಲ್ಲದರ ಒಳಗೂ ಇದೆ. ಅದರಲ್ಲಿ ಕನ್ನಡದ ಒಂದು ದೋಷ ಕಂಡು ಯಾರಾದರೂ ತಿದ್ದಿದರೆ ಆ ಫಲ ಇಷ್ಟೂ ಕಡೆ ಹರಡುತ್ತದೆ. ಮುಚ್ಚಿದ ತಂತ್ರಾಂಶದಲ್ಲಿ ಕನ್ನಡ ಸರಿಯಾಗಿ ಬರುವುದು ನಮ್ಮ ಮಾರುಕಟ್ಟೆ ಎಷ್ಟು ದೊಡ್ಡದು ಎಂಬ ಕಂಪನಿಯ ಲೆಕ್ಕಾಚಾರಕ್ಕೆ ಬಿಟ್ಟದ್ದು. ಮುಕ್ತ ತಂತ್ರಾಂಶದಲ್ಲಿ ಕೆಲಸ ಮಾಡಬಲ್ಲ ನಾಲ್ಕು ಜನ ಕನ್ನಡಿಗರು ಕೂತರೆ ಆಗುತ್ತದೆ, ಯಾರ ಅನುಮತಿಯೂ ಬೇಕಿಲ್ಲ. ಒಂದು ಭಾಷೆಯ ಭವಿಷ್ಯದ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಬಹಿರಂಗವಾಗಿ ಯಾರೂ ಆಡದ, ಆದರೆ ನಮ್ಮ ದೇಶದಲ್ಲಿ ಬಲವಾಗಿ ಕೆಲಸ ಮಾಡುವ ಆಕ್ಷೇಪವೆಂದರೆ, ಪೈರೇಟೆಡ್ ವಿಂಡೋಸ್ ಹೇಗೂ ಪುಕ್ಕಟೆ ಸಿಗುವಾಗ ಹೊಸದನ್ನು ಕಲಿಯುವ ಕಷ್ಟ ಏಕೆ ಎಂಬುದು. ಕಾನೂನು, ನೀತಿಯ ಮಾತನ್ನು ಒಂದು ಪಕ್ಕಕ್ಕಿಟ್ಟರೂ ಇದಕ್ಕೆ ಉತ್ತರವಿದೆ. ಪರವಾನಗಿಯನ್ನು ವಂಚಿಸಲು ಬಳಸುವ ಕ್ರ್ಯಾಕ್ ತಂತ್ರಾಂಶವನ್ನು ಓಡಿಸುವ ಮೊದಲು ಆಂಟಿವೈರಸ್ ಆರಿಸಿ, ಅದಕ್ಕೆ ಯಂತ್ರದ ಪೂರ್ಣ ಅಧಿಕಾರ ಕೊಡಿ ಎಂದೇ ಸೂಚನೆ ಇರುತ್ತದೆ. ಬರೆದವರು ಯಾರೆಂದೇ ಗೊತ್ತಿಲ್ಲದ ತಂತ್ರಾಂಶಕ್ಕೆ, ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದ ಪೂರ್ಣಾಧಿಕಾರ ಕೊಡುವುದು ಎಷ್ಟು ದುಬಾರಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಕದ್ದ ಪ್ರತಿ ನಮಗೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಕಂಪನಿಯ ಗಡುವು ಅದಕ್ಕೂ ಹಾಗೆಯೇ ಅನ್ವಯಿಸುತ್ತದೆ. ನ್ಯಾಯವಾಗಿ, ಪೂರ್ಣ ಹಕ್ಕುಗಳೊಡನೆ ಪುಕ್ಕಟೆ ಸಿಗುವುದು ಎದುರಿಗೇ ಇರುವಾಗ ಕದ್ದದ್ದರ ಮೇಲೆ ಶಾಲೆ, ಅಂಗಡಿ, ಕಚೇರಿಗಳನ್ನು ನಡೆಸುವುದಕ್ಕೆ ಸಮರ್ಥನೆ ಇಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ನನಗೆ ಬೇಕಾದ ತಂತ್ರಾಂಶ ಅಲ್ಲಿಲ್ಲ. ಲೆಕ್ಕಪತ್ರಕ್ಕೆ ಟ್ಯಾಲಿ, ವಿನ್ಯಾಸಕ್ಕೆ ಫೋಟೊಶಾಪ್, ಮುದ್ರಣಕ್ಕೆ ಪೇಜ್‌ಮೇಕರ್, ಇವು ಯಾವುವೂ ಲಿನಕ್ಸ್‌ಗೆಂದು ಬರುವುದಿಲ್ಲ. ವೈನ್ ಎಂಬ ಪದರದ ಮೂಲಕ ಕೆಲವು ವಿಂಡೋಸ್ ತಂತ್ರಾಂಶಗಳು ನಡೆಯುತ್ತವೆ, ಎಲ್ಲವೂ ಅಲ್ಲ. ನುಡಿ, ಶ್ರೀಲಿಪಿಯ ಹಳೆಯ ಯೂನಿಕೋಡೇತರ ಅಕ್ಷರಗಳಲ್ಲಿ ಟೈಪಾದ ಕಡತಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಲಿನಕ್ಸ್ ಚಾಲಕ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಆದ್ದರಿಂದ ಇಂಥ ಕೆಲಸವೇ ಜೀವನವಾಗಿರುವವರು ಆ ಒಂದು ಯಂತ್ರದಲ್ಲಿ ವಿಂಡೋಸ್ ಇಟ್ಟುಕೊಳ್ಳುವುದು ವಿವೇಕ, ಅದರಲ್ಲಿ ಸೋಲೇನೂ ಇಲ್ಲ. ಆದರೆ ಇದೇ ಸತ್ಯಕ್ಕೆ ಇನ್ನೊಂದು ಮಗ್ಗುಲಿದೆ. ಇಪ್ಪತ್ತು ವರ್ಷದ ಹಿಂದೆ ನಾವೇ ಟೈಪು ಮಾಡಿದ ಕನ್ನಡ ಪುಸ್ತಕವನ್ನು ಇಂದು ತೆರೆಯಲು ಪರಿವರ್ತಕ ಹುಡುಕಬೇಕಾಗಿ ಬಂದಿರುವುದು, ಬರಹವನ್ನು ಒಂದೇ ತಂತ್ರಾಂಶದ ಒಳಗೆ ಕೂಡಿಹಾಕಿದ್ದರ ಪರಿಣಾಮ. ಯೂನಿಕೋಡ್ ಮತ್ತು ಮುಕ್ತ ಕಡತ ಮಾದರಿಗಳಿಗೆ ಹೊರಳುವುದು ಲಿನಕ್ಸ್ ಬಳಸದವರಿಗೂ ಒಳಿತೇ.

ಆಕರ ಸಂಕೇತ ಎಲ್ಲರಿಗೂ ತೆರೆದಿದ್ದರೆ ಬೀಗದ ವಿನ್ಯಾಸವನ್ನು ಕಳ್ಳನಿಗೂ ತೋರಿಸಿದಂತಾಗಲಿಲ್ಲವೇ ಎಂಬುದು ಮೂರನೆಯ ಆಕ್ಷೇಪ. 2024ರ ಮಾರ್ಚ್ ತಿಂಗಳ ಎಕ್ಸ್‌ಝಡ್ ಪ್ರಕರಣ ಈ ಶಂಕೆಯನ್ನು ಎರಡೂ ಕಡೆಯಿಂದ ಬೆಳಗುತ್ತದೆ. ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿರುವ, ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶವನ್ನು ವರ್ಷಗಳಿಂದ ಒಬ್ಬ ವ್ಯಕ್ತಿ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ನಕಲಿ ಹೆಸರಿನ ಸಹಾಯಕನೊಬ್ಬ ಸುಮಾರು ಎರಡು ವರ್ಷ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಬೆನ್ನುಹತ್ತಿ ಆಕರ ಸಂಕೇತದವರೆಗೂ ಹೋದರು, ಕಳ್ಳತನ ಬಯಲಾಯಿತು. ಹೆಚ್ಚಿನ ಜನರು ಬಳಸುವ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ತಡೆಯಲಾಯಿತು. ಮುಕ್ತವಾಗಿದ್ದ ಮಾತ್ರಕ್ಕೆ ತಂತ್ರಾಂಶ ತಾನಾಗಿ ಸುರಕ್ಷಿತವಾಗುವುದಿಲ್ಲ ಎಂಬುದು ಇದರ ಮೊದಲ ಪಾಠ. ಆದರೆ ತಾನು ಬರೆಯದ ತಂತ್ರಾಂಶದ ಒಳಹೊಕ್ಕು ನೋಡಲು ಆ ಎಂಜಿನಿಯರಿಗೆ ಸಾಧ್ಯವಾದದ್ದೇ ಅದು ಮುಕ್ತವಾಗಿದ್ದುದರಿಂದ. ಅನೇಕ ಕಂಪನಿಗಳು ಕೋಟಿಗಟ್ಟಲೆ ಗಳಿಸುವುದು ಇಂಥ ಒಂಟಿ ಸ್ವಯಂಸೇವಕರ ಹೆಗಲ ಮೇಲೆ ನಿಂತು ಎಂಬ ಕಟು ಸತ್ಯವನ್ನೂ ಆ ಘಟನೆ ಹೊರಹಾಕಿತು. ನೋಡುವ ಹಕ್ಕು ಇದ್ದರೆ ಸಾಲದು, ನೋಡುವವರಿಗೆ ಸಂಬಳ, ಸಮಯ ಕೊಡುವ ಏರ್ಪಾಡೂ ಬೇಕು.

ಬಲವಾದ ಆಕ್ಷೇಪ ಜರ್ಮನಿಯ ಮ್ಯೂನಿಕ್‌ನಿಂದ ಬರುತ್ತದೆ. ಅಲ್ಲಿನ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ನಿರ್ಧರಿಸಿ, ಹತ್ತು ವರ್ಷದಲ್ಲಿ 14 ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ತನ್ನದೇ ಪ್ರತ್ಯೇಕ ಡಿಸ್ಟ್ರೊವನ್ನು ಪೋಷಿಸುವ ಭಾರ, ಹೊರಗಿನ ಕಚೇರಿಗಳೊಡನೆ ಕಡತ ವಿನಿಮಯದ ತೊಡಕು, ಹಂಚಿಹೋಗಿದ್ದ ಐಟಿ ಆಡಳಿತ, ಬದಲಾದ ರಾಜಕೀಯ ನಾಯಕತ್ವ ಎಲ್ಲವೂ ಅದರಲ್ಲಿ ಸೇರಿದ್ದವು. ಅದೇ ಕಾಲದಲ್ಲಿ ಫ್ರಾನ್ಸಿನ ಜಾಂಡರ್ಮರಿ ಪೊಲೀಸ್ ಪಡೆ ಬೇರೆ ದಾರಿ ಹಿಡಿಯಿತು. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್ ಆಫೀಸ್, ಮರುವರ್ಷ ಫೈರ್‌ಫಾಕ್ಸ್, ಥಂಡರ್‌ಬರ್ಡ್, ಸಿಬ್ಬಂದಿಗೆ ಇವೆಲ್ಲ ರೂಢಿಯಾದ ಮೇಲೆ 2008ರಿಂದ ಉಬುಂಟು ಆಧರಿಸಿದ ವ್ಯವಸ್ಥೆ. ಇಂದು ಅಲ್ಲಿನ ಬಹುತೇಕ ಎಲ್ಲ ಕಂಪ್ಯೂಟರುಗಳೂ ಅದರಲ್ಲೇ ನಡೆಯುತ್ತಿವೆ. ತಂತ್ರಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ಹೆಜ್ಜೆ ಇಟ್ಟ ಕ್ರಮ ಮತ್ತು ಆಡಳಿತದ ದೃಢತೆ. ಹಾಗಾಗಿ ಮ್ಯೂನಿಕ್‌ನ ಕಥೆಯಿಂದ ಲಿನಕ್ಸ್ ಕಚೇರಿಗೆ ಒಗ್ಗದು ಎಂಬ ತೀರ್ಮಾನಕ್ಕೆ ಬರಲಾಗದು. ಬಳಸುವವರನ್ನು ಸಿದ್ಧಪಡಿಸದ ಬದಲಾವಣೆ ಬಾಳುವುದಿಲ್ಲ ಎಂಬ ಪಾಠ ಮಾತ್ರ ಅದರಲ್ಲಿದೆ.

ಪಕ್ಕದ ಕೇರಳ ಈ ಪಾಠವನ್ನು ಶಾಲೆಯಿಂದಲೇ ಆರಂಭಿಸಿತು. ಅಲ್ಲಿ 2001ರಲ್ಲಿ ಹುಟ್ಟಿದ ಐಟಿ ಅಟ್ ಸ್ಕೂಲ್ ಯೋಜನೆ, ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ, ಉಬುಂಟು ಆಧರಿಸಿ ತನ್ನ ಶಾಲೆಗಳಿಗೆಂದೇ ಸಿದ್ಧಪಡಿಸಿದ ವ್ಯವಸ್ಥೆಯನ್ನು ಎರಡು ಲಕ್ಷ ಕಂಪ್ಯೂಟರುಗಳಿಗೆ ಕೊಡುವುದಾಗಿ 2019ರಲ್ಲಿ ಹೇಳಿತು. ಪರವಾನಗಿ ಶುಲ್ಕದಲ್ಲಿ ಉಳಿತಾಯ ಸುಮಾರು 3,000 ಕೋಟಿ ರೂಪಾಯಿ ಎಂಬುದು ಅದರದೇ ಅಂದಾಜು. ಆ ಅಂದಾಜಿನಲ್ಲಿ ಹೆಚ್ಚುಕಡಿಮೆ ಇದೆಯೆಂದೇ ಇಟ್ಟುಕೊಂಡರೂ, ಶಿಕ್ಷಕರಿಗೆ ತರಬೇತಿ ಕೊಟ್ಟು, ಮಲಯಾಳಂ ಬೆಂಬಲ ಬೆಳೆಸಿ, ಪಠ್ಯವನ್ನೇ ಅದಕ್ಕೆ ತಕ್ಕಂತೆ ರೂಪಿಸಿದ್ದು ಹಣದಲ್ಲಿ ಅಳೆಯಲಾಗದ ಗಳಿಕೆ. ಭಾರತ ಸರ್ಕಾರವೂ 2015ರಲ್ಲಿ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಹೊರಡಿಸಿದೆ. ದೇಶದ ತಂತ್ರಾಂಶ ರಾಜಧಾನಿ ಬೆಂಗಳೂರು ಇರುವ ರಾಜ್ಯಕ್ಕೆ ಈ ದಾರಿಯಲ್ಲಿ ನಡೆಯಲು ಬೇಕಾದ ಪರಿಣತಿ ಹೊರಗಿನಿಂದ ತರಬೇಕಾದದ್ದಲ್ಲ. ಇಲ್ಲಿನ ಸಾವಿರಾರು ಎಂಜಿನಿಯರುಗಳು ದಿನವೂ ಕೆಲಸ ಮಾಡುವ ಸರ್ವರುಗಳು ಲಿನಕ್ಸ್‌ನವೇ. ನಮ್ಮಲ್ಲಿ ಕೊರತೆಯಿರುವುದು ಆ ಪರಿಣತಿಯನ್ನು ಶಾಲೆಯ ಗಣಕ ಕೊಠಡಿಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ತಲುಪಿಸುವ ಸಂಕಲ್ಪಕ್ಕೆ.

ಇದರಲ್ಲಿ ಪರಿಸರದ ಲೆಕ್ಕವೂ ಸೇರಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹುಟ್ಟಿಸಿತು. ದಾಖಲೆಯಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಗುಜರಿಯಲ್ಲಿ ಬರಿಗೈಯಿಂದ ಬಿಡಿಸುವ, ತಂತಿ ಸುಡುವ ಬಡವರ ಉಸಿರಿಗೆ ಸೇರುತ್ತದೆ. ನಡೆಯುವ ಯಂತ್ರವನ್ನು ಇನ್ನೈದು ವರ್ಷ ನಡೆಸುವುದಕ್ಕಿಂತ ಒಳ್ಳೆಯ ಮರುಬಳಕೆ ಇಲ್ಲ. ಆದ್ದರಿಂದ ವಿಂಡೋಸ್ 10ರ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು, ಅಥವಾ ಭದ್ರತೆಯಿಲ್ಲದೆ ಹಾಗೆಯೇ ಅಂತರ್ಜಾಲಕ್ಕೆ ಒಡ್ಡುವ ಮೊದಲು, ಒಂದು ಪೆನ್ ಡ್ರೈವ್ ಸಿದ್ಧಪಡಿಸಿ ಲಿನಕ್ಸನ್ನು ಅದರಿಂದಲೇ ನಡೆಸಿ ನೋಡಿ. ಒಗ್ಗದಿದ್ದರೆ ಪೆನ್ ಡ್ರೈವ್ ಕಿತ್ತರಾಯಿತು, ನಷ್ಟವೇನಿಲ್ಲ. ಒಗ್ಗಿದರೆ ಮನೆಯ ಮಗುವಿಗೋ ಊರಿನ ಶಾಲೆಗೋ ಒಂದು ಒಳ್ಳೆಯ ಕಂಪ್ಯೂಟರ್ ಸಿಕ್ಕಂತಾಯಿತು. ತಿಳಿದವರು ಪಕ್ಕದ ಮನೆಯವರಿಗೆ ಸ್ಥಾಪಿಸಿಕೊಡಲಿ, ಬರೆಯಬಲ್ಲವರು ಕನ್ನಡ ಅನುವಾದಕ್ಕೆ ಕೈಜೋಡಿಸಲಿ, ಕಾಲೇಜುಗಳು ಇದಕ್ಕೆಂದು ಒಂದು ಭಾನುವಾರ ತಮ್ಮ ಬಾಗಿಲು ತೆರೆಯಲಿ. ಮುಕ್ತ ತಂತ್ರಾಂಶ ಕೊಟ್ಟಿರುವ ಹಕ್ಕು ಬಳಸಿದವರದ್ದು. ಬಳಸದೆ ಬಿಟ್ಟರೆ ನಮ್ಮ ಯಂತ್ರದ ಆಯಸ್ಸನ್ನು ಬೇರೆಯವರೇ ಬರೆಯುತ್ತಾರೆ.